ಮಸ್ಟ್ಯಾಂಗ್ ಜಿಟಿ 5.0: ಹೊಸ ಇಂಟೇಕ್ ಹಾಕಿದ ಮೇಲೆ ಎಂಜಿನ್ ಲೈಟ್ ಬಂದಿದೆ. ಟ್ಯೂನ್‌ಗೆ ಮುಂಚೆ ಏನು ನೋಡಬೇಕು?

ನೀಲಿಕುದುರೆ

ಎಲ್ಲರಿಗೂ ನಮಸ್ಕಾರ. ನನ್ನದು 2019ರ ಮಸ್ಟ್ಯಾಂಗ್ ಜಿಟಿ. 5.0 ಲೀಟರ್ ಕಯೋಟಿ ವಿ8, 10 ಸ್ಪೀಡ್ ಆಟೋಮ್ಯಾಟಿಕ್. ಇಲ್ಲಿಯವರೆಗೆ ಕಂಪನಿಯಿಂದ ಬಂದ ಹಾಗೇ ಇಟ್ಟುಕೊಂಡಿದ್ದೆ. ಕಳೆದ ಶನಿವಾರ ಮೊದಲ ಸಲ ಕೈ ಹಾಕಿದೆ. ಹಳೆಯ ಏರ್ ಬಾಕ್ಸ್ ಬಿಚ್ಚಿ, ದೊಡ್ಡ ಕೋನ್ ಫಿಲ್ಟರ್ ಇರುವ ಇಂಟೇಕ್ ಕೂರಿಸಿದೆ.

ಮೊದಲ ಎರಡು ದಿನ ತುಂಬಾ ಖುಷಿಯಾಗಿತ್ತು. ಗಾಳಿ ಎಳೆಯುವ ಸದ್ದು ಬಾನೆಟ್ ಕೆಳಗಿನಿಂದ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮೂರನೇ ದಿನ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತು. ಸ್ಕ್ಯಾನರ್ ಹಾಕಿದರೆ ಪಿ0171, ಪಿ0174 ಎರಡೂ ಇವೆ. ಪೂರ್ತಿ ಒತ್ತಿದಾಗ ಯಾರೋ ಹಿಂದಿನಿಂದ ಹಿಡಿದ ಹಾಗೆ ಒಂದು ಕ್ಷಣ ತಡೆಯುತ್ತದೆ, ಆಮೇಲೆ ಓಡುತ್ತದೆ.

ಹೇಗಿದ್ದರೂ ಟ್ಯೂನ್ (ಎಂಜಿನ್ ಕಂಪ್ಯೂಟರ್‌ನ ಲೆಕ್ಕ ತಿದ್ದಿಸುವುದು) ಮಾಡಿಸಬೇಕು ಅಂತಲೇ ಇದ್ದೆ. ಈಗ ನೇರವಾಗಿ ಟ್ಯೂನ್ ಹಾಕಿಬಿಟ್ಟರೆ ಇದೂ ಸರಿಹೋಗುತ್ತದಾ? ಅನುಭವ ಇರುವವರು ದಯವಿಟ್ಟು ಹೇಳಿ.

ಪಾನಾ14

ಟ್ಯೂನ್ ಸದ್ಯಕ್ಕೆ ಬೇಡ. ಪೂರ್ತಿ ಒತ್ತಿ ಓಡಿಸುವುದನ್ನೂ ಇವತ್ತಿಂದಲೇ ನಿಲ್ಲಿಸಿ. ಕಾರಣ ಹೇಳುತ್ತೇನೆ.

ವಿ8ರಲ್ಲಿ ಸಿಲಿಂಡರ್‌ಗಳು ಎರಡು ಸಾಲಿನಲ್ಲಿರುತ್ತವೆ, ಒಂದೊಂದು ಸಾಲೂ ಒಂದು ಬ್ಯಾಂಕ್. ಪಿ0171 ಅಂದರೆ ಒಂದನೇ ಬ್ಯಾಂಕ್ ಲೀನ್. ಪಿ0174 ಅಂದರೆ ಎರಡನೇ ಬ್ಯಾಂಕ್ ಲೀನ್. ಒಳಗೆ ಹೋಗುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೀಳುತ್ತಿಲ್ಲ, ಇಸಿಯು (ಎಂಜಿನ್ ಕಂಪ್ಯೂಟರ್) ತನ್ನ ಕೈಲಾದಷ್ಟು ಸೇರಿಸಿ ಸೋತಿದೆ ಅಂತ ಅರ್ಥ. ಎರಡೂ ಬ್ಯಾಂಕ್‌ನಲ್ಲಿ ಒಟ್ಟಿಗೆ ಬಂದಿದೆ ಅಂದರೆ ತೊಂದರೆ ಎರಡಕ್ಕೂ ಸೇರಿದ ಜಾಗದಲ್ಲಿದೆ. ನೀವು ಮೊನ್ನೆ ಬಿಚ್ಚಿ ಕಟ್ಟಿದ್ದು ಅದೇ ಜಾಗ ಅಲ್ವಾ?

ನಿಮ್ಮ ಕಾರಿನಲ್ಲಿ ಗಾಳಿಯನ್ನು ಅಳೆಯುವುದು ಮಾಸ್ ಏರ್ ಫ್ಲೋ ಸೆನ್ಸರ್. ಮಾಫ್ ಅಂತ ಕರೆಯುತ್ತಾರೆ. ಕೊಳವೆಯೊಳಗೆ ಬಿಸಿ ಮಾಡಿದ ಒಂದು ಪುಟ್ಟ ತಂತಿ ಇರುತ್ತದೆ. ಹಾದುಹೋಗುವ ಗಾಳಿ ಅದನ್ನು ತಣಿಸುತ್ತದೆ. ತಣಿದಷ್ಟೂ ಅದರ ಬಿಸಿ ಉಳಿಸಲು ಕರೆಂಟ್ ಜಾಸ್ತಿ ಬೇಕು. ಆ ಕರೆಂಟ್ ನೋಡಿ ಇಸಿಯು "ಇಷ್ಟು ಗಾಳಿ ಬಂತು" ಅಂತ ಲೆಕ್ಕ ಹಾಕುತ್ತದೆ.

ಆದರೆ ತಂತಿಗೆ ಕೊಳವೆಯ ಅಗಲ ಗೊತ್ತಿಲ್ಲ. ತನ್ನನ್ನು ಸವರಿ ಹೋಗುವ ಗಾಳಿ ಮಾತ್ರ ಗೊತ್ತು. 80 ಮಿ.ಮೀ. ಕೊಳವೆ ತೆಗೆದು 85 ಮಿ.ಮೀ. ಕೊಳವೆ ಹಾಕಿದಿರಿ ಅಂದುಕೊಳ್ಳಿ. ವ್ಯಾಸ ಹೆಚ್ಚಿದ್ದು 5 ಮಿ.ಮೀ. ಮಾತ್ರ, ಆದರೆ ಒಳಗಿನ ಜಾಗ ಶೇ. 13ರಷ್ಟು ಜಾಸ್ತಿಯಾಯಿತು. ಅಷ್ಟೇ ಗಾಳಿ ಈಗ ನಿಧಾನವಾಗಿ ಹಾದುಹೋಗುತ್ತದೆ. ತಂತಿ ಕಡಿಮೆ ತಣಿಯುತ್ತದೆ. ಇಸಿಯು ಗಾಳಿ ಕಡಿಮೆ ಬಂತು ಅಂದುಕೊಂಡು ಪೆಟ್ರೋಲ್ ಕಡಿಮೆ ಹಾಕುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಗಾಳಿ ಕಡಿಮೆ ಅಂದರೆ ಲೋಡ್ ಕಡಿಮೆ ಅಂತ ಇಸಿಯು ತಿಳಿಯುತ್ತದೆ. ಲೋಡ್ ಕಡಿಮೆ ಇದ್ದಾಗ ಅದು ಕಿಡಿಯನ್ನು ಇನ್ನಷ್ಟು ಮುಂಚೆ ಹಾರಿಸುತ್ತದೆ. ಪೆಟ್ರೋಲ್ ಕಡಿಮೆ, ಟೈಮಿಂಗ್ ಜಾಸ್ತಿ. ಎಂಜಿನ್ ನಾಕ್ ಆಗಲು, ಅಂದರೆ ಒಳಗಿನ ಮಿಶ್ರಣ ತಾನಾಗಿಯೇ ಸಿಡಿಯಲು, ಇದಕ್ಕಿಂತ ಬೇರೆ ದಾರಿ ಬೇಡ. 2018ರಿಂದ ಬಂದ ಕಯೋಟಿಯಲ್ಲಿ ಕಂಪ್ರೆಷನ್ 12:1. ಅದಕ್ಕೆ ಮೊದಲು 11:1 ಇತ್ತು. ಹಾಗಾಗಿ ನಿಮ್ಮ ಎಂಜಿನ್ ಈ ವಿಷಯದಲ್ಲಿ ಇನ್ನೂ ನಾಜೂಕು.

ಎರಡು ಕೆಲಸ ಮಾಡಿ. ಹಳೆಯ ಮತ್ತು ಹೊಸ ಕೊಳವೆಯನ್ನು, ಮಾಫ್ ಕೂರುವ ಜಾಗದಲ್ಲೇ, ವರ್ನಿಯರ್ ಹಿಡಿದು ಅಳೆಯಿರಿ. ಇಂಟೇಕ್ ಜೊತೆ ಬಂದ ಹಾಳೆಯಲ್ಲಿ "ಟ್ಯೂನ್ ಕಡ್ಡಾಯ" ಅಂತ ಇದೆಯಾ ನೋಡಿ.

ಲಾಗ್‌ಪ್ರಿಯ

ಪಾನಾ ಅಣ್ಣ ಹೇಳಿದ್ದು ಸರಿ. ಆದರೆ ಕೊಳವೆ ಒಂದೇ ಕಾರಣ ಅಂತ ಈಗಲೇ ತೀರ್ಮಾನಕ್ಕೆ ಬರಬೇಡಿ. ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಸಂಖ್ಯೆ) ಓದಿದರೆ ಕಾರೇ ಹೇಳುತ್ತದೆ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಾಲ್ಕು ಸಂಖ್ಯೆ ಬರೆದುಕೊಳ್ಳಿ. ಐಡಲ್‌ನಲ್ಲಿ ಒಂದು. ನಿಂತಲ್ಲೇ 2500 ಆರ್‌ಪಿಎಂ ಹಿಡಿದು ಒಂದು. ಸಮ ವೇಗದಲ್ಲಿ ಸಾಗುವಾಗ ಒಂದು. ಸ್ವಲ್ಪ ಏರು ಹತ್ತಿಸುವಾಗ ಒಂದು. ಶಾರ್ಟ್ ಟರ್ಮ್ (ಆ ಕ್ಷಣದ ತಿದ್ದುಪಡಿ), ಲಾಂಗ್ ಟರ್ಮ್ (ಕಲಿತು ಉಳಿಸಿಕೊಂಡದ್ದು) ಎರಡನ್ನೂ ಕೂಡಿಸಿ ಬರೆಯಿರಿ.

ಐಡಲ್‌ನಲ್ಲಿ ಮಾತ್ರ ಜಾಸ್ತಿ ಇದ್ದು ಮೇಲೆ ಹೋದಂತೆ ಕಡಿಮೆಯಾದರೆ ಎಲ್ಲೋ ಲೀಕ್ ಇದೆ. ಲೀಕ್ ಆಗುವ ಗಾಳಿಯ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಐಡಲ್‌ನಲ್ಲಿ ಒಟ್ಟು ಗಾಳಿಯೇ ಕಡಿಮೆ, ಆದ್ದರಿಂದ ಅಲ್ಲಿ ಅದು ಎದ್ದು ಕಾಣುತ್ತದೆ. ಎಲ್ಲ ಕಡೆ ಒಂದೇ ಸಮ ಇದ್ದರೆ ಮಾಫ್ ಲೆಕ್ಕ ತಪ್ಪಿದೆ. ಕೆಳಗೆ ಸರಿಯಿದ್ದು ಲೋಡ್ ಹೆಚ್ಚಾದಾಗ ಮಾತ್ರ ಏರಿದರೆ ಪಂಪ್ ಅಥವಾ ಇಂಜೆಕ್ಟರ್ ಕಡೆ ನೋಡಬೇಕು.

ನೀಲಿಕುದುರೆ

ಇಬ್ಬರಿಗೂ ಧನ್ಯವಾದ. ಇವತ್ತು ಸಂಜೆ ಕೂತು ಎಲ್ಲ ಬರೆದುಕೊಂಡೆ.

ಐಡಲ್: +21
ನಿಂತಲ್ಲೇ 2500: +14
ಸಮ ವೇಗ: +13
ಏರು: +12

ಎರಡೂ ಬ್ಯಾಂಕ್‌ನಲ್ಲಿ ಒಂದು ಅಂಕಿಯಷ್ಟೇ ವ್ಯತ್ಯಾಸ. ಹೊಸ ಕೊಳವೆ ಹಳೆಯದಕ್ಕಿಂತ ಶೇ. 6ರಷ್ಟು ಅಗಲ ಇದೆ. ಹಾಳೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಟ್ಯೂನ್ ಬೇಕೇ ಬೇಕು ಅಂತ ಬರೆದಿದೆ. ಮಾರಿದವರು ಸುಮ್ನೆ ಕೂರಿಸಿದರೆ ಸಾಕು ಅಂದಿದ್ದರು. ಅದನ್ನು ನಂಬಿದ್ದೆ.

ಲಾಗ್‌ಪ್ರಿಯ

ನಿಮ್ಮ ಕಾರು ಎರಡು ಮಾತು ಹೇಳುತ್ತಿದೆ. ಶೇ. 6 ಅಗಲ ಅಂದರೆ ಜಾಗದಲ್ಲಿ ಶೇ. 12 ಚಿಲ್ಲರೆ. ನಿಮ್ಮ +12, +13 ಅಲ್ಲಿಂದ ಬಂದದ್ದು, ಲೆಕ್ಕ ಕೂಡಿಬರುತ್ತದೆ. ಆದರೆ ಐಡಲ್‌ನಲ್ಲಿ +21 ಇದೆಯಲ್ಲ, ಅದರಲ್ಲಿ ಉಳಿದ 8 ಎಲ್ಲಿಂದ ಬಂತು? ಅದು ಲೀಕ್. ಮಾಫ್ ದಾಟಿದ ಮೇಲೆ ಎಲ್ಲೋ ಗಾಳಿ ಒಳಗೆ ನುಗ್ಗುತ್ತಿದೆ.

ಕೊಳವೆಗೆ ಸೇರುವ ಕ್ರ್ಯಾಂಕ್‌ಕೇಸ್ ಬ್ರೀದರ್ ಹೋಸ್ ಮೊದಲು ನೋಡಿ. ಇಂಟೇಕ್ ಬದಲಾಯಿಸುವಾಗ ಅದನ್ನು ಬಿಚ್ಚಲೇಬೇಕು. ಮತ್ತೆ ಹಾಕುವಾಗ ಟಕ್ ಅಂತ ಸದ್ದು ಬಂದರೆ ಮಾತ್ರ ಪೂರ್ತಿ ಕೂತಿದೆ ಅಂತ ಅರ್ಥ. ಹೊರಗಿನಿಂದ ನೋಡಿದರೆ ಕೂತ ಹಾಗೇ ಕಾಣುತ್ತದೆ, ಅದನ್ನು ನಂಬಬೇಡಿ, ಎಳೆದು ನೋಡಿ.

ನೀಲಿಕುದುರೆ

ಸರ್, ಸಿಕ್ಕಿತು! ಅದೇ ಹೋಸ್. ಎರಡು ಬೆರಳಲ್ಲಿ ಎಳೆದ ಕೂಡಲೇ ಕೈಗೆ ಬಂತು. ಮತ್ತೆ ಒತ್ತಿ ಕೂರಿಸಿದೆ, ಟಕ್ ಅಂತು. ಐಡಲ್ ಈಗ +13ಕ್ಕೆ ಇಳಿದಿದೆ. ಎಲ್ಲ ಕಡೆ 12ರಿಂದ 14.

ಸಂಖ್ಯೆ ನೋಡಿ ಜಾಗ ಹೇಳಿದಿರಲ್ಲ, ನನಗೆ ನಿಜವಾಗಿಯೂ ಆಶ್ಚರ್ಯ ಆಯಿತು. ಟ್ಯೂನ್ ಆಗುವವರೆಗೆ ಹಳೆಯ ಏರ್ ಬಾಕ್ಸ್ ಮತ್ತೆ ಹಾಕಿ ಓಡಿಸುತ್ತೇನೆ.

ಆರುನಾಲ್ಕು

ನನ್ನದು 6.4 ಹೆಮಿ ಇರುವ ಚಾಲೆಂಜರ್. ಇಂಟೇಕ್ ಹಾಕಿ ಮೂರು ವರ್ಷ ಆಯಿತು, ಟ್ಯೂನ್ ಮಾಡಿಸಿಲ್ಲ. ಟ್ರಿಮ್ ಯಾವತ್ತೂ +4 ದಾಟಿಲ್ಲ. ಮಸ್ಟ್ಯಾಂಗ್‌ಗೆ ಮಾತ್ರ ಯಾಕೆ ಇಷ್ಟು ರಗಳೆ?

ಪಾನಾ14

ನಿಮ್ಮ ಹೆಮಿಯಲ್ಲಿ ಮಾಫ್ ಸೆನ್ಸರೇ ಇಲ್ಲ ಸರ್. ಅದು ಸ್ಪೀಡ್ ಡೆನ್ಸಿಟಿ ಪದ್ಧತಿ. ಮ್ಯಾನಿಫೋಲ್ಡ್ ಒಳಗಿನ ಒತ್ತಡ, ಗಾಳಿಯ ಬಿಸಿ, ಆರ್‌ಪಿಎಂ ನೋಡಿ ಇಸಿಯು ಗಾಳಿಯ ತೂಕವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಥ್ರಾಟಲ್‌ಗೆ ಮುಂಚೆ ನೀವು ಯಾವ ಕೊಳವೆ ಹಾಕಿದರೂ ಕೊನೆಗೆ ಅದು ಒತ್ತಡದಲ್ಲೇ ಕಾಣಬೇಕು. ಆ ಒತ್ತಡವನ್ನು ಸೆನ್ಸರ್ ನೋಡುತ್ತಲೇ ಇರುತ್ತದೆ. ಹಾಗಾಗಿ ಲೆಕ್ಕ ತಪ್ಪುವುದಿಲ್ಲ. ಕ್ಯಾಮ್ (ವಾಲ್ವ್ ತೆರೆಯುವ ದಂಡ) ಬದಲಾಯಿಸಿದರೆ ಮಾತ್ರ ನಿಮ್ಮ ಕಾರಿಗೂ ಹೊಸ ಲೆಕ್ಕ ಬೇಕಾಗುತ್ತದೆ.

ಕಮಾರೊ ಎಸ್ಎಸ್‌ನ ಎಲ್‌ಟಿ1 ಎಂಜಿನ್‌ನಲ್ಲಿ ಮಾಫ್ ಕೂಡ ಇದೆ, ಒತ್ತಡದ ಲೆಕ್ಕವೂ ಇದೆ. ಒಂದರ ಜೊತೆ ಇನ್ನೊಂದನ್ನು ತಾಳೆ ನೋಡುತ್ತದೆ. ಒಬ್ಬರ ಕಾರಿನಲ್ಲಿ ನಡೆದದ್ದು ಇನ್ನೊಬ್ಬರ ಕಾರಿನಲ್ಲಿ ನಡೆಯುತ್ತದೆ ಅಂತ ಹೇಳಲು ಆಗದಿರುವುದು ಇದಕ್ಕೇ.

ಆರುನಾಲ್ಕು

ಇದು ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ಧನ್ಯವಾದ. 2015ರಿಂದ ಈಚಿನ ಚಾಲೆಂಜರ್‌ಗಳಲ್ಲಿ ಇಸಿಯು ಬೀಗ ಹಾಕಿಕೊಂಡೇ ಬರುತ್ತದೆ. ಅನ್‌ಲಾಕ್ ಮಾಡಿಸದೆ ಟ್ಯೂನ್ ಆಗುವುದಿಲ್ಲ. ಅದಕ್ಕೇ ನಾನು ಆ ಕಡೆ ಹೋಗಿರಲಿಲ್ಲ.

ಸ್ಟಾಕ್‌ಪೆಟ್ಟಿಗೆ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಬೇಸರ ಮಾಡಿಕೊಳ್ಳಬೇಡಿ. ಇಂಟೇಕ್ ಅಷ್ಟು ಬೇಕಿತ್ತಾ ಅಂತ ಮೊದಲು ಕೇಳಿಕೊಳ್ಳಬೇಕಿತ್ತು.

ಟರ್ಬೊ, ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ ಒಳಗೆ ಗಾಳಿಯನ್ನು ತಳ್ಳುವುದು ಹೊರಗಿನ ವಾತಾವರಣ ಮಾತ್ರ. ಅದರ ಒತ್ತಡ ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೊಪಾಸ್ಕಲ್. ಫಿಲ್ಟರ್, ಪೆಟ್ಟಿಗೆ, ಕೊಳವೆ ಎಲ್ಲ ಸೇರಿ ಅದರಲ್ಲಿ ಸ್ವಲ್ಪ ತಿನ್ನುತ್ತವೆ. ಹೊಸ ಇಂಟೇಕ್ ಎಷ್ಟೇ ಒಳ್ಳೆಯದಿರಲಿ, ಆ ತಿಂದದ್ದನ್ನು ಮಾತ್ರ ವಾಪಸ್ ಕೊಡಬಲ್ಲದು. ಅದಕ್ಕಿಂತ ಒಂದು ಚೂರೂ ಜಾಸ್ತಿ ಕೊಡಲಾರದು.

ಎಷ್ಟು ತಿನ್ನುತ್ತಿದೆ ಅಂತ ಮನೆಯಲ್ಲೇ ಅಳೆಯಬಹುದು. ನಾನು ಮಾಡಿದ್ದು ಹೀಗೆ. ಉದ್ದನೆಯ ಪಾರದರ್ಶಕ ಪೈಪ್ ತೆಗೆದುಕೊಂಡು ಹಲಗೆಯ ಮೇಲೆ ಯು ಆಕಾರದಲ್ಲಿ ಕಟ್ಟಿದೆ. ಅರ್ಧದವರೆಗೆ ಬಣ್ಣದ ನೀರು ತುಂಬಿದೆ. ಒಂದು ತುದಿಯನ್ನು ಥ್ರಾಟಲ್‌ಗೆ ಸ್ವಲ್ಪ ಮುಂಚೆ ಕೊಳವೆಗೆ ಜೋಡಿಸಿದೆ. ಇನ್ನೊಂದು ತುದಿ ತೆರೆದೇ ಇತ್ತು. ಡೈನೊ (ಚಕ್ರದ ಶಕ್ತಿ ಅಳೆಯುವ ರೋಲರ್ ಯಂತ್ರ) ಮೇಲೆ ಪೂರ್ತಿ ಒತ್ತಿದಾಗ ಎರಡೂ ಕಡೆಯ ನೀರಿನ ಮಟ್ಟ ಎಷ್ಟು ಬೇರೆಯಾಗುತ್ತದೆ ಅಂತ ಗೆಳೆಯ ನೋಡಿಕೊಂಡ. ಸುಮಾರು 10 ಸೆಂ.ಮೀ. ನೀರು ಅಂದರೆ 1 ಕಿಲೊಪಾಸ್ಕಲ್. ಅಂದರೆ ಶೇ. 1ರಷ್ಟು ಗಾಳಿ.

ನನ್ನ ಜಿಟಿಯಲ್ಲಿ ಕಂಪನಿಯ ಪೆಟ್ಟಿಗೆಯೊಂದಿಗೆ ಬಂದದ್ದು 19 ಸೆಂ.ಮೀ. ಶೇ. 2ರ ಆಸುಪಾಸು. 460 ಅಶ್ವಶಕ್ತಿಯ ಎಂಜಿನ್‌ಗೆ ಅದು 9 ಅಶ್ವಶಕ್ತಿ. ಅದೂ ಹೊಸ ಇಂಟೇಕ್ ಒಂದಿಷ್ಟೂ ತಡೆಯದಿದ್ದರೆ. ನಾನು ಹಳೆಯ ಪೆಟ್ಟಿಗೆಯನ್ನೇ ಉಳಿಸಿಕೊಂಡೆ. ಒಳಗಿನ ಫಿಲ್ಟರ್ ಮಾತ್ರ ಹೊಸದು ಹಾಕಿದೆ.

ಮಾಡುವವರು ಒಂದು ಎಚ್ಚರ ವಹಿಸಿ. ಪೈಪ್ ಗಿಡ್ಡ ಇದ್ದರೆ ನೀರು ಎಂಜಿನ್ ಒಳಗೆ ಹೋಗುತ್ತದೆ. ಒಂದು ಮೀಟರ್‌ಗೂ ಎತ್ತರ ಇರಲಿ.

ಪಾನಾ14

ಒಳ್ಳೆಯ ಕೆಲಸ ಮಾಡಿದ್ದೀರಿ. ಇಂಟೇಕ್ ಬಗ್ಗೆ ಇಷ್ಟು ಸ್ಪಷ್ಟವಾದ ಲೆಕ್ಕವನ್ನು ನಾನು ಅಪರೂಪಕ್ಕೆ ಓದಿದ್ದೇನೆ. ಒಂದೇ ಒಂದು ಮಾತು ಸೇರಿಸುತ್ತೇನೆ. ನಿಮ್ಮ ನೀರಿನ ಪೈಪ್ ಒತ್ತಡ ಹೇಳುತ್ತದೆ, ಬಿಸಿ ಹೇಳುವುದಿಲ್ಲ.

5 ಲೀಟರ್ ಎಂಜಿನ್ 7000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 17,500 ಲೀಟರ್ ಗಾಳಿ ಎಳೆಯುತ್ತದೆ. ತೂಕ ಹಾಕಿದರೆ 20 ಕೆ.ಜಿ. ಅಷ್ಟು ಗಾಳಿ ಬಾನೆಟ್ ಒಳಗಿನ ಬಿಸಿ ಜಾಗದಿಂದ ಬರುತ್ತದಾ, ಮುಂದಿನ ಗ್ರಿಲ್‌ನಿಂದ ಬರುತ್ತದಾ ಅನ್ನುವುದು ಮುಖ್ಯ. ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಶೇ. 3ರಷ್ಟು ಇಳಿಯುತ್ತದೆ. ಒತ್ತಡದಲ್ಲಿ ಉಳಿಸಿದ ಶೇ. 2 ಅಲ್ಲಿಗೆ ಮುಗಿದುಹೋಯಿತು. ಜೊತೆಗೆ ಬಿಸಿ ಗಾಳಿ ಕಂಡರೆ ಇಸಿಯು ಟೈಮಿಂಗ್ ಕೂಡ ಹಿಂದಕ್ಕೆ ಎಳೆಯುತ್ತದೆ.

ನೀಲಿಕುದುರೆ ಅವರೇ, ನಿಮ್ಮ ಇಂಟೇಕ್ ಸುತ್ತ ಶೀಲ್ಡ್ ಇದೆಯಾ? ಬಾನೆಟ್ ಮುಚ್ಚಿದಾಗ ಅದರ ಮೇಲಿನ ರಬ್ಬರ್ ಪಟ್ಟಿ ಪೂರ್ತಿ ಒತ್ತಿಕೊಳ್ಳುತ್ತದಾ? ಪಟ್ಟಿಯ ಮೇಲೆ ಸ್ವಲ್ಪ ಟಾಲ್ಕಮ್ ಪೌಡರ್ ಹಚ್ಚಿ ಬಾನೆಟ್ ಮುಚ್ಚಿ ತೆಗೆಯಿರಿ. ಒಳಗೆ ಬಿಳಿ ಗೆರೆ ಎಲ್ಲಿ ಮೂಡಿಲ್ಲವೋ ಅಲ್ಲಿ ಸಂದು ಇದೆ.

ನೀಲಿಕುದುರೆ

ಪೌಡರ್ ಹಚ್ಚಿ ನೋಡಿದೆ. ರೇಡಿಯೇಟರ್ ಕಡೆ ಒಂದು ಗೇಣು ಉದ್ದ ಗೆರೆಯೇ ಮೂಡಲಿಲ್ಲ. ದಪ್ಪ ಪಟ್ಟಿ ತಂದು ಅಂಟಿಸಿದ್ದೇನೆ. ಈಗ ಸುತ್ತಲೂ ಗೆರೆ ಬರುತ್ತದೆ.

ಸ್ಟಾಕ್‌ಪೆಟ್ಟಿಗೆ ಅವರೇ, ಬೇಸರ ಏನೂ ಇಲ್ಲ. ನಿಮ್ಮ ಲೆಕ್ಕ ಮುಂಚೆಯೇ ಓದಿದ್ದರೆ ನಾನೂ ಅಳೆದೇ ಕೊಳ್ಳುತ್ತಿದ್ದೆ. ಆದರೆ ಆ ಸದ್ದು ನನಗೆ ಬೇಕು. ಅದಕ್ಕಾಗಿ ಇಟ್ಟುಕೊಳ್ಳುತ್ತೇನೆ.

ಈಗ ಟ್ಯೂನ್ ಬಗ್ಗೆ ಹೇಳಿ. ಒಳಗೆ ಏನೇನು ಬದಲಾಯಿಸುತ್ತಾರೆ? ನನಗೆ ಸಿಗುವ ಪೆಟ್ರೋಲ್ ಪಂಪ್ ಮೇಲೆ 95 ಅಂತ ಬರೆದಿದೆ. ಟ್ಯೂನ್ ಫೈಲ್ 93ಕ್ಕೆ ಅಂತ ಇದೆ. 95 ಜಾಸ್ತಿ ಅಲ್ವಾ, ಹಾಗಾದರೆ ತೊಂದರೆ ಇಲ್ಲ ತಾನೇ?

ಲಾಗ್‌ಪ್ರಿಯ

ನಿಲ್ಲಿ ನಿಲ್ಲಿ, ಇಲ್ಲೇ ತುಂಬಾ ಜನ ಎಡವುತ್ತಾರೆ. ಆ ಎರಡು ಸಂಖ್ಯೆ ಒಂದೇ ಅಳತೆಯವಲ್ಲ.

ಎರಡೂ ಆಕ್ಟೇನ್, ಅಂದರೆ ಪೆಟ್ರೋಲ್ ನಾಕ್ ತಡೆಯುವ ಶಕ್ತಿ, ಹೇಳುತ್ತವೆ. ಆದರೆ ನಿಮ್ಮ ಪಂಪ್ ಮೇಲಿನ 95 ಆರ್‌ಒಎನ್ ಅಳತೆ. ಅಮೆರಿಕದ ಪಂಪ್ ಮೇಲೆ ಬರೆಯುವ 93 ಎಕೆಐ ಅಳತೆ. ಆರ್‌ಒಎನ್, ಎಂಒಎನ್ (ಇನ್ನೂ ಕಠಿಣ ಪರೀಕ್ಷೆಯ ಅಳತೆ) ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಎಕೆಐ ಬರುತ್ತದೆ. ಪೆಟ್ರೋಲ್‌ನ ಎಂಒಎನ್ ಸಾಮಾನ್ಯವಾಗಿ ಆರ್‌ಒಎನ್‌ಗಿಂತ 10 ಅಂಕಿ ಕಡಿಮೆ ಇರುತ್ತದೆ. 95 ಮತ್ತು 85 ಕೂಡಿಸಿ ಅರ್ಧ ಮಾಡಿ. 90 ಬಂತು. 93 ಬರಬೇಕಾದರೆ ನಿಮಗೆ 98 ಆರ್‌ಒಎನ್ ಬೇಕು.

ಅಂದರೆ 93ರ ಟ್ಯೂನ್ ಹಾಕಿ 95 ಆರ್‌ಒಎನ್ ತುಂಬಿಸಿದರೆ ನೀವು ಮೂರು ಅಂಕಿ ಕೆಳಗಿನ ಪೆಟ್ರೋಲ್ ಮೇಲೆ ಓಡುತ್ತಿರುತ್ತೀರಿ. ನಾಕ್ ಸೆನ್ಸರ್ ಕಾಪಾಡುತ್ತದೆ ಅನ್ನುವವರು ಇದ್ದಾರೆ. ಅದು ನಾಕ್ ಆದ ಮೇಲೆ ಟೈಮಿಂಗ್ ಎಳೆಯುತ್ತದೆ. ಆಗುವ ಮುಂಚೆ ಅಲ್ಲ. ಅದನ್ನು ಪ್ರತಿದಿನದ ಆಧಾರ ಮಾಡಿಕೊಳ್ಳಬಾರದು.

ಮೊದಲು ಟ್ಯೂನ್ ಬರೆಯುವವರಿಗೆ ನಿಮ್ಮ ಪೆಟ್ರೋಲ್ ಹೇಳಿ. ಅದಕ್ಕೆ ತಕ್ಕ ಫೈಲ್ ಕೇಳಿ. ಇ85 (ಬಹುಪಾಲು ಎಥನಾಲ್ ಇರುವ ಇಂಧನ) ಸಿಗುವವರ ಕಥೆ ಬೇರೆ. ಎಥನಾಲ್ ನಾಕ್ ತಡೆಯುವುದರಲ್ಲಿ ಬಹಳ ಗಟ್ಟಿ. ಆದರೆ ಅದಕ್ಕೆ ತೂಕದಲ್ಲಿ ಸುಮಾರು ಅರ್ಧದಷ್ಟು ಜಾಸ್ತಿ ಇಂಧನ ಸುರಿಯಬೇಕು. ಪೆಟ್ರೋಲ್‌ಗೆ ಗಾಳಿ–ಇಂಧನ 14.7:1 ಆದರೆ ಇ85ಕ್ಕೆ 9.8:1 ಹತ್ತಿರ. ಪಂಪ್, ಇಂಜೆಕ್ಟರ್ ತಡೆದುಕೊಳ್ಳುತ್ತವಾ ಅಂತ ನೋಡದೆ ಕೈ ಹಾಕಬಾರದು.

ಪಾನಾ14

ಟ್ಯೂನ್ ಒಳಗೆ ಏನಿದೆ ಅಂತ ಕೇಳಿದಿರಿ. ನಾನು ನೋಡಿದ ಮಟ್ಟಿಗೆ ಹೇಳುತ್ತೇನೆ.

ಮೊದಲ ಕೆಲಸ ಮಾಫ್ ಲೆಕ್ಕ. ಹೊಸ ಕೊಳವೆಗೆ ತಕ್ಕ ಹಾಗೆ ಸೆನ್ಸರ್ ಸಂಖ್ಯೆಗೂ ಗಾಳಿಯ ತೂಕಕ್ಕೂ ಇರುವ ಪಟ್ಟಿಯನ್ನು ಹೊಸದಾಗಿ ಬರೆಯುತ್ತಾರೆ. ಇದು ಸರಿಯಾಗದೆ ಬೇರೆ ಏನು ಮುಟ್ಟಿದರೂ ಪ್ರಯೋಜನ ಇಲ್ಲ. ಈ ಒಂದು ಪಟ್ಟಿಯ ಮೇಲೇ ಪೆಟ್ರೋಲ್, ಟೈಮಿಂಗ್, ಟಾರ್ಕ್, ಗೇರ್ ಎಲ್ಲ ನಿಂತಿವೆ.

ಆಮೇಲೆ ಟಾರ್ಕ್ ಲೆಕ್ಕ. ನೀವು ಮೊದಲು ಹೇಳಿದ್ದಿರಲ್ಲ, ಯಾರೋ ಹಿಂದಿನಿಂದ ಹಿಡಿದ ಹಾಗೆ ಅಂತ? ಫೋರ್ಡ್ ಇಸಿಯು ಪೆಡಲ್ ನೋಡಿ "ಇಷ್ಟು ಟಾರ್ಕ್ ಬೇಕು" ಅಂದುಕೊಂಡು ಥ್ರಾಟಲ್ ತೆರೆಯುತ್ತದೆ. ಪೆಡಲ್‌ಗೂ ಥ್ರಾಟಲ್‌ಗೂ ನಡುವೆ ಕೇಬಲ್ ಇಲ್ಲ. ಕೇಳಿದ ಟಾರ್ಕ್‌ಗೂ ಬಂದ ಟಾರ್ಕ್‌ಗೂ ತಾಳೆಯಾಗದಿದ್ದರೆ ಅದು ಅನುಮಾನಪಟ್ಟು ಥ್ರಾಟಲ್ ಮುಚ್ಚಿಬಿಡುತ್ತದೆ. ಗಾಳಿಯ ಲೆಕ್ಕ ತಪ್ಪಿದಾಗ ಹೀಗಾಗುತ್ತದೆ. ಲಾಗ್‌ನಲ್ಲಿ (ಓಡಿಸುವಾಗ ದಾಖಲಾದ ಸಂಖ್ಯೆಗಳಲ್ಲಿ) ಪೆಡಲ್ 100, ಥ್ರಾಟಲ್ ಅದಕ್ಕಿಂತ ಬಹಳ ಕೆಳಗೆ ಅಂತ ಕಂಡರೆ ಇದೇ.

ಪೂರ್ತಿ ಒತ್ತಿದಾಗ ಪೆಟ್ರೋಲ್ ಎಷ್ಟು, ಕಿಡಿ ಎಲ್ಲಿ, ಕ್ಯಾಮ್ ಎಷ್ಟು ತಿರುಗಬೇಕು ಅನ್ನುವುದು ಮುಂದಿನ ಹಂತ. ಕಯೋಟಿಯಲ್ಲಿ ಇಂಟೇಕ್, ಎಕ್ಸಾಸ್ಟ್ ಕ್ಯಾಮ್ ಎರಡೂ ತಿರುಗುತ್ತವೆ. ಟ್ಯೂನ್ ಬರೆಯುವವರ ಕೈಚಳಕ ಕಾಣುವುದು ಇಲ್ಲೇ. ಶಕ್ತಿ ಹೆಚ್ಚುವುದೂ ಬಹುಪಾಲು ಇಲ್ಲೇ.

ಇನ್ನು ಪೆಡಲ್ ಪಟ್ಟಿ. ಅರ್ಧ ಒತ್ತಿದರೆ ಮುಕ್ಕಾಲು ತೆರೆಯುವ ಹಾಗೆ ಬದಲಾಯಿಸುತ್ತಾರೆ. ಕಾರು ಚುರುಕಾದ ಹಾಗೆ ಅನ್ನಿಸುತ್ತದೆ. ಪೂರ್ತಿ ಒತ್ತಿದಾಗ ಇದರಿಂದ ಒಂದು ಅಶ್ವಶಕ್ತಿಯೂ ಹೆಚ್ಚುವುದಿಲ್ಲ. ಇದೊಂದನ್ನೇ ಮಾಡಿ ಕಳಿಸಿದ ಫೈಲನ್ನು ನಾನು ನೋಡಿದ್ದೇನೆ. ಅದಕ್ಕೆ ಡೈನೊ ಮೇಲೆ ಅಳೆಯಿರಿ ಅಂತ ಹೇಳುವುದು.

ನಿಮ್ಮ 10 ಸ್ಪೀಡ್ ಗೇರ್‌ಬಾಕ್ಸ್‌ಗೂ ಶಿಫ್ಟ್ ಪಟ್ಟಿ ಇರುತ್ತದೆ. ಫ್ಲ್ಯಾಶ್ (ಹೊಸ ಫೈಲನ್ನು ಇಸಿಯುಗೆ ಬರೆಯುವುದು) ಆದ ಮೇಲೆ ಕೆಲವು ದಿನ ಗೇರ್ ಬೀಳುವುದು ಒರಟು ಅನ್ನಿಸಬಹುದು. ಅದು ಮತ್ತೆ ಕಲಿತುಕೊಳ್ಳಬೇಕು.

ಹೊಸಬ27

ಅಣ್ಣಂದಿರೇ, ಮಧ್ಯೆ ಬಂದು ಕೇಳುತ್ತಿದ್ದೇನೆ. ಫ್ಲ್ಯಾಶ್ ಮಾಡುವಾಗ ಇಸಿಯು ಸತ್ತುಹೋಗುತ್ತದೆ ಅಂತ ಹೇಳುತ್ತಾರೆ. ನಿಜವಾ? ನನ್ನ ಹತ್ತಿರ ಕಮಾರೊ ಎಸ್ಎಸ್ ಇದೆ. ಭಯಕ್ಕೇ ಮುಟ್ಟಿಲ್ಲ.

ಲಾಗ್‌ಪ್ರಿಯ

ಬರೆಯುವ ಮಧ್ಯೆ ಕರೆಂಟ್ ಹೋದರೆ ಆಗಬಹುದು. ಬ್ಯಾಟರಿಗೆ ಚಾರ್ಜರ್ ಹಾಕಿ ವೋಲ್ಟೇಜ್ ಇಳಿಯದ ಹಾಗೆ ನೋಡಿಕೊಳ್ಳಿ. ಏಸಿ, ದೀಪ, ಸ್ಟೀರಿಯೊ ಎಲ್ಲ ಆಫ್. ಬಾಗಿಲು ತೆಗೆದು ಹಾಕುವುದು ಬೇಡ. ಲ್ಯಾಪ್‌ಟಾಪ್ ನಿದ್ದೆಗೆ ಹೋಗದ ಹಾಗೆ ಸೆಟ್ ಮಾಡಿ. ಒಬಿಡಿ ಕೇಬಲ್‌ಗೆ ಕಾಲು ತಾಗದ ಹಾಗೆ ಕೂತುಕೊಳ್ಳಿ. ಅಷ್ಟೇ.

ಕಂಪನಿಯ ಮೂಲ ಫೈಲನ್ನು ಮೊದಲು ಓದಿ, ಎರಡು ಕಡೆ ಉಳಿಸಿ. ಇದನ್ನು ಮರೆತರೆ ವಾಪಸ್ ಹೋಗುವ ದಾರಿ ಕಷ್ಟ. ಮೂಲ ಫೈಲ್ ಮತ್ತೆ ಹಾಕಿದರೂ ಬದಲಾಯಿಸಿದ ಗುರುತು ಉಳಿಯಬಹುದು. ವಾರಂಟಿ ಇರುವವರು ಇದನ್ನು ತಿಳಿದೇ ಕೈ ಹಾಕಿ.

ಇನ್ನೊಂದು. ಕ್ಯಾಟಲಿಟಿಕ್ ಕನ್ವರ್ಟರ್ ಮಾನಿಟರ್ ಆಫ್ ಮಾಡಿದ ಫೈಲ್ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಇಂಟೇಕ್ ಮತ್ತು ಟ್ಯೂನ್‌ಗೆ ಅದರ ಅಗತ್ಯವೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಓಡಿಸುವವರಿಗೆ ಇಂಟೇಕ್ ಮೇಲೂ, ಟ್ಯೂನ್ ಮೇಲೂ ಅಲ್ಲಿನ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಇಒ (ಅನುಮತಿ) ನಂಬರ್ ಬೇಕು.

ನೀಲಿಕುದುರೆ

ಎರಡು ವಾರ ಆಯಿತು. ಎಲ್ಲ ಮುಗಿಸಿ ಬರೆಯೋಣ ಅಂತ ಕಾದಿದ್ದೆ.

98 ಆರ್‌ಒಎನ್ ಸಿಗುವ ಪಂಪ್ ಹುಡುಕಿಕೊಂಡೆ. ಹಳೆಯ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ ಅದನ್ನು ತುಂಬಿಸಿದೆ. ಮೊದಲ ಫೈಲ್ ಹಾಕಿದ ದಿನ ಬರೀ ನಿಧಾನವಾಗಿ ಓಡಿಸಿ ಲಾಗ್ ಕಳಿಸಿದೆ. ಟ್ರಿಮ್ +5 ಇತ್ತು. ಮಾಫ್ ಪಟ್ಟಿ ತಿದ್ದಿ ಎರಡನೇ ಫೈಲ್ ಕಳಿಸಿದರು. +2ಕ್ಕೆ ಬಂತು. ಮೂರನೇ ಫೈಲ್‌ನಲ್ಲಿ ಮೇಲಿಂದ ಕೆಳಗೆ ಎಲ್ಲ ಕಡೆ ಸೊನ್ನೆಯಿಂದ +2. ಆಮೇಲೆ ಮಾತ್ರ ಪೂರ್ತಿ ಒತ್ತಲು ಒಪ್ಪಿಗೆ ಕೊಟ್ಟರು. ಅದನ್ನೂ ರಸ್ತೆಯಲ್ಲಿ ಮಾಡಲಿಲ್ಲ, ಡೈನೊ ಮೇಲೆ ಮಾಡಿದೆ.

ಸ್ಟಾಕ್‌ಪೆಟ್ಟಿಗೆ ಅವರ ಮಾತು ತಲೆಯಲ್ಲಿತ್ತು. ಅದಕ್ಕೆ ಮೊದಲು ಹಳೆಯ ಏರ್ ಬಾಕ್ಸ್, ಮೂಲ ಫೈಲ್ ಹಾಕಿಯೇ ಮೂರು ಸಲ ಓಡಿಸಿದೆ. ಆಮೇಲೆ ಹೊಸದು ಕೂರಿಸಿ, ಫೈಲ್ ಹಾಕಿ ಮೂರು ಸಲ. ಒಂದೇ ಡೈನೊ, ಒಂದೇ ದಿನ, ಒಂದೇ ಗೇರ್. ನನ್ನ ಕಾರಿನಲ್ಲಿ 1:1 ಇರುವುದು ಏಳನೇ ಗೇರ್. ಚಕ್ರದ ಹತ್ತಿರ ಅಳೆದ ಅಶ್ವಶಕ್ತಿ.

ಹಳೆಯದು: 401, 403, 402
ಹೊಸದು: 419, 421, 420

ಮಧ್ಯದ ಆರ್‌ಪಿಎಂನಲ್ಲಿ ಗೆರೆ ಇನ್ನೂ ಚೆನ್ನಾಗಿ ಮೇಲೆ ಬಂದಿದೆ. ನಾಕ್ ಎಲ್ಲೂ ಇಲ್ಲ. ಲ್ಯಾಂಬ್ಡಾ (ಗಾಳಿ–ಇಂಧನ ಪ್ರಮಾಣ; 1ಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ) 0.85 ಕೇಳಿದರೆ 0.85 ಬರುತ್ತಿದೆ. ಹಿಡಿದ ಹಾಗೆ ಆಗುತ್ತಿದ್ದದ್ದು ಪೂರ್ತಿ ಹೋಯಿತು.

ಕೊನೆಗೆ ಬಾನೆಟ್ ಮುಚ್ಚಿ, ಫ್ಯಾನ್ ಆಫ್ ಮಾಡಿ, 15 ನಿಮಿಷ ಐಡಲ್‌ನಲ್ಲಿ ಬಿಟ್ಟು ಕೂಡಲೇ ಇನ್ನೊಂದು ಸಲ ಓಡಿಸಿದೆ. ಒಳಗೆ ಬರುವ ಗಾಳಿಯ ಬಿಸಿ 34 ಇದ್ದದ್ದು 52 ಆಗಿತ್ತು. ಬಂದದ್ದು 405.

ಸ್ಟಾಕ್‌ಪೆಟ್ಟಿಗೆ

ಆ ಕೊನೆಯ ಸಂಖ್ಯೆಗಾಗಿ ನಿಮಗೆ ಕೈ ಮುಗಿಯುತ್ತೇನೆ. ಬಿಸಿಯಾದಾಗ ತೆಗೆದ ಅಳತೆಯನ್ನು ಯಾರೂ ಹಾಕುವುದಿಲ್ಲ. ಹೆಚ್ಚಿದ 18ರಲ್ಲಿ 15 ಬರೀ ಬಿಸಿಗೆ ಹೋಯಿತು ನೋಡಿ.

ಒಂದು ಕೇಳಬೇಕಿತ್ತು. ಆ ಡೈನೊ ಹಾಳೆಯ ಮೇಲೆ ಎಸ್ಎಇ ಅಂತ ಇದೆಯಾ, ಎಸ್‌ಟಿಡಿ ಅಂತ ಇದೆಯಾ? ಆ ದಿನದ ಹವೆಗೆ ತಕ್ಕಂತೆ ಸಂಖ್ಯೆ ತಿದ್ದುವ ಎರಡು ಪದ್ಧತಿ ಅವು. ಎಸ್‌ಟಿಡಿ ತಿದ್ದುಪಡಿಯಲ್ಲಿ ಸಂಖ್ಯೆ ಶೇ. 4ರಷ್ಟು ಜಾಸ್ತಿ ಕಾಣುತ್ತದೆ. ಒಂದು ಎಸ್ಎಇ, ಇನ್ನೊಂದು ಎಸ್‌ಟಿಡಿ ಆದರೆ ಹೋಲಿಸಲು ಬರುವುದಿಲ್ಲ.

ನೀಲಿಕುದುರೆ

ಎಲ್ಲ ಏಳು ಹಾಳೆಯೂ ಎಸ್ಎಇ. ಈಗಷ್ಟೇ ತೆಗೆದು ನೋಡಿದೆ.

ಪಾನಾ14

ಚೆನ್ನಾಗಿ ಮಾಡಿದ್ದೀರಿ. ನಿಮ್ಮ ಫಿಲ್ಟರ್ ಎಣ್ಣೆ ಹಚ್ಚುವ ಹತ್ತಿಯದಾ? ಹಾಗಿದ್ದರೆ ತೊಳೆದಾಗ ಎಣ್ಣೆ ಕಡಿಮೆ ಹಚ್ಚಿ, ಒಂದು ರಾತ್ರಿ ಬಿಟ್ಟು ಹಾಕಿ. ಜಾಸ್ತಿಯಾದ ಎಣ್ಣೆ ಮಾಫ್ ತಂತಿಗೆ ಅಂಟಿದರೆ ಇಷ್ಟು ಕಷ್ಟಪಟ್ಟು ಬರೆಸಿದ ಪಟ್ಟಿ ಮತ್ತೆ ಕೆಡುತ್ತದೆ. ತಂತಿ ತೊಳೆಯಲು ಮಾಫ್ ಕ್ಲೀನರ್ ಮಾತ್ರ ಬಳಸಿ. ಕಾರ್ಬ್ ಕ್ಲೀನರ್ ಬೇಡ. ಬೆರಳಿಂದ, ಬಟ್ಟೆಯಿಂದ ಮುಟ್ಟಲೇಬೇಡಿ.

ತಿಂಗಳಿಗೊಮ್ಮೆ ಟ್ರಿಮ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ. +2 ಇದ್ದದ್ದು +7 ಆದರೆ ಏನೋ ಸಡಿಲವಾಗಿದೆ ಅಂತ ಲೈಟ್ ಹತ್ತುವ ಮುಂಚೆಯೇ ಗೊತ್ತಾಗುತ್ತದೆ.

ನೀಲಿಕುದುರೆ

ಒಣ ಫಿಲ್ಟರ್ ಅಣ್ಣ, ಎಣ್ಣೆ ಬೇಡ. ಟ್ರಿಮ್ ಬರೆಯಲು ಒಂದು ಪುಸ್ತಕ ಇಟ್ಟಿದ್ದೇನೆ. ಮೊದಲ ಪುಟದಲ್ಲಿ ಆ +21 ಕೂಡ ಬರೆದಿದ್ದೇನೆ.

ಹೊಸಬ27

ಇದನ್ನೆಲ್ಲ ಓದಿ ನಾನೂ ಕಮಾರೊಗೆ ಸ್ಕ್ಯಾನರ್ ಹಾಕಿದೆ. ಐಡಲ್ +2, 2500ಕ್ಕೆ +1, ಸಮ ವೇಗಕ್ಕೆ +1, ಏರಿಗೆ +2. ಇವತ್ತು ನೀರಿನ ಪೈಪ್ ಕಟ್ಟಿದೆ, ಒಂದೂವರೆ ಮೀಟರ್ ಎತ್ತರ. ನಾಡಿದ್ದು ಡೈನೊಗೆ ಹೋಗುತ್ತಿದ್ದೇನೆ. 10 ಸೆಂ.ಮೀ. ಒಳಗೆ ಬಂದರೆ ಏರ್ ಬಾಕ್ಸ್ ಹಾಗೇ ಇರಲಿ ಅಂದುಕೊಂಡಿದ್ದೇನೆ. ಸರಿ ತಾನೇ ಅಣ್ಣ?

ಸ್ಟಾಕ್‌ಪೆಟ್ಟಿಗೆ

ಸರಿ. ಪೈಪನ್ನು ಫಿಲ್ಟರ್ ಕಡೆಗೆ ಅಲ್ಲ, ಥ್ರಾಟಲ್ ಹತ್ತಿರವೇ ಜೋಡಿಸಿ. ನೀರಿಗೆ ಬಣ್ಣ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಮಟ್ಟ ಕಾಣುವುದಿಲ್ಲ. ಅಳತೆ ಬಂದ ಕೂಡಲೇ ಇಲ್ಲಿ ಹಾಕಿ. ಎಲ್‌ಟಿ1ರ ಸಂಖ್ಯೆ ನನಗೂ ಬೇಕು.

ಹೊಸಬ27

ಬಂತು ಅಣ್ಣ. 13 ಸೆಂ.ಮೀ. ಫಿಲ್ಟರ್ ತೆಗೆದು ನೋಡಿದರೆ ಧೂಳು ತುಂಬಿಕೊಂಡಿತ್ತು. ಹೊಸ ಫಿಲ್ಟರ್ ಹಾಕಿ ಮತ್ತೆ ಓಡಿಸಿದೆ. 9. ಏರ್ ಬಾಕ್ಸ್ ಬಿಚ್ಚುತ್ತಿಲ್ಲ.